ಕುಷ್ಠದ ಚಿಕಿತ್ಸೆಯಲ್ಲಿ ಬರುವ ‘ರಿಯಾಕ್ಷನ್’: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕುಷ್ಠರೋಗಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಮತ್ತು ಅವರ ಮನೆಗೆ ಹೋಗಿಬರುವ ಆಶಾ ಕಾರ್ಯಕರ್ತೆಯರಿಗೆ ಒಂದು ಚಿಕ್ಕ ಕೈಪಿಡಿ ತಯಾರಾಗುತ್ತಿದೆ. ಅದರ ಕನ್ನಡ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ: ‘ರಿಯಾಕ್ಷನ್’ ಮತ್ತು ‘ನರ’.

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಸೇರಿದ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿತು. ಚರ್ಮದ ಮೇಲೆ ಕುಷ್ಠದ ಮಚ್ಚೆ ಕಡಿಮೆ ಇದ್ದರೆ 6 ತಿಂಗಳು, ಐದಕ್ಕಿಂತ ಜಾಸ್ತಿ ಇದ್ದರೆ 12 ತಿಂಗಳು. ಪೂರ್ತಿ ನುಂಗಿದರೆ ಕಾಯಿಲೆ ವಾಸಿಯಾಗುತ್ತದೆ. ಆದರೆ ಕೆಲವರಿಗೆ ಚಿಕಿತ್ಸೆ ನಡೆಯುವಾಗ, ಒಮ್ಮೊಮ್ಮೆ ಮುಗಿದ ಮೇಲೂ, ಹಳೆಯ ಮಚ್ಚೆ ಇದ್ದಕ್ಕಿದ್ದಂತೆ ಕೆಂಪಾಗಿ ಊದಿಕೊಳ್ಳುತ್ತದೆ. ಮೊಣಕೈ ಹತ್ತಿರ ನೋವು ಶುರುವಾಗಿ ಕೈಯ ಬಲ ಇಳಿಯುತ್ತದೆ. ಇನ್ನೊಂದು ಬಗೆಯಲ್ಲಿ ಜ್ವರ ಬರುತ್ತದೆ, ಮುಖ ಕೈಕಾಲುಗಳ ಮೇಲೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಏಳುತ್ತವೆ, ಕಣ್ಣು ಕೆಂಪಾಗಬಹುದು. ಮೈಯಲ್ಲಿರುವ ಬ್ಯಾಕ್ಟೀರಿಯಾ ಮೇಲೆ, ಸತ್ತು ಉಳಿದ ಅದರ ಚೂರುಗಳ ಮೇಲೂ, ನಮ್ಮ ರೋಗನಿರೋಧಕ ಶಕ್ತಿ ತಿರುಗಿಬೀಳುವುದರಿಂದ ಆಗುವುದು ಇದು. ವೈದ್ಯರ ಬಾಯಲ್ಲಿ ಇದು ‘ಲೆಪ್ರಾ ರಿಯಾಕ್ಷನ್’.

ರಿಯಾಕ್ಷನ್ ಅನ್ನುವುದು ನಮ್ಮ ಹಳ್ಳಿಗಳಲ್ಲಿ ಈಗ ಕನ್ನಡದ ಮಾತೇ. ‘ಇಂಜೆಕ್ಷನ್ ರಿಯಾಕ್ಷನ್ ಆಗಿ ಮೈಯೆಲ್ಲ ಊದಿಕೊಂಡಿತು’ ಅನ್ನುತ್ತಾರೆ. ಅಂದರೆ ಔಷಧಿ ಒಗ್ಗಲಿಲ್ಲ, ಇನ್ನು ಮುಟ್ಟಬಾರದು. ‘ನಿಮಗೆ ರಿಯಾಕ್ಷನ್ ಆಗಿದೆ’ ಅಂತ ಹೇಳಿ ಕಳಿಸಿದರೆ ಮನೆಗೆ ಹೋಗಿ ಅವರು ಮಾಡುವ ಮೊದಲ ಕೆಲಸ ಕುಷ್ಠದ ಮಾತ್ರೆ ಬಿಡುವುದು. ಮಾಡಬಾರದ್ದೂ ಅದೇ. ಲೆಪ್ರಾ ರಿಯಾಕ್ಷನ್ ಬಂದರೆ ಮಾತ್ರೆ ನಿಲ್ಲಿಸುವಂತಿಲ್ಲ. ಅದರ ಜೊತೆಗೇ ಊತ ತಗ್ಗಿಸುವ ಪ್ರೆಡ್ನಿಸೋಲೋನ್ ಅನ್ನುವ ಸ್ಟಿರಾಯ್ಡ್ ಶುರು ಮಾಡುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂನಿಂದ ಆರಂಭಿಸಿ, ವಾರಗಟ್ಟಲೆ ನಿಧಾನವಾಗಿ ಇಳಿಸುತ್ತಾ ಬರುತ್ತಾರೆ. ಕೈಕಾಲಿನ ಬಲ ಹೋಗಿ 6 ತಿಂಗಳು ದಾಟುವ ಮುಂಚೆ ಇದು ಸಿಕ್ಕರೆ ಬಲ ವಾಪಸ್ ಬರುವ ಅವಕಾಶ ಚೆನ್ನಾಗಿರುತ್ತದೆ. ತಡವಾದರೆ ಬೆರಳು ಮಡಚಿದ್ದು ಮಡಚಿದ ಹಾಗೇ ಉಳಿಯಬಹುದು.

ಇಷ್ಟೇ ಆಗಿದ್ದರೆ ‘ಭಯ ಬೇಡ, ಮಾತ್ರೆ ನಿಲ್ಲಿಸಬೇಡಿ’ ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ನಿಜವಾಗಿಯೂ ಮಾತ್ರೆ ಒಗ್ಗದ ರಿಯಾಕ್ಷನ್ ಕೂಡ ಇದೆ. ಅಪರೂಪಕ್ಕೆ ಕೆಲವರಿಗೆ ಡ್ಯಾಪ್ಸೋನ್ ಶುರುವಾದ ಮೊದಲ ಕೆಲವು ವಾರಗಳಲ್ಲಿ ಜ್ವರ ಬಂದು, ಮೈತುಂಬ ದದ್ದು ಎದ್ದು, ಕಣ್ಣು ಹಳದಿಯಾಗುತ್ತದೆ. ಅಲ್ಲಿ ಮಾತ್ರೆಯನ್ನು ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು, ಜೀವಕ್ಕೇ ಅಪಾಯ. ಒಂದೇ ಪದ ಇಟ್ಟುಕೊಂಡು ಒಂದು ಪುಟದಲ್ಲಿ ‘ನಿಲ್ಲಿಸಬೇಡಿ’, ಮುಂದಿನ ಪುಟದಲ್ಲಿ ‘ತಕ್ಷಣ ನಿಲ್ಲಿಸಿ’ ಅಂತ ಬರೆಯುವುದು ಹೇಗೆ?

ಕೈಪಿಡಿಯ ಕರಡಿನಲ್ಲಿ ಲೆಪ್ರಾ ರಿಯಾಕ್ಷನ್‌ಗೆ ‘ಕುಷ್ಠ ಪ್ರತಿಕ್ರಿಯೆ’ ಅಂತಿದೆ. ಅದರಿಂದ ತಪ್ಪು ಅರ್ಥ ಹುಟ್ಟುವುದಿಲ್ಲ, ನಿಜ. ಆದರೆ ಅರ್ಥವೇ ಹುಟ್ಟುವುದಿಲ್ಲ. ಕೆಲವು ಕಡೆ ‘ಅಡ್ಡಪರಿಣಾಮ’ ಅಂತ ಬಿದ್ದಿತ್ತು. ಅದನ್ನು ಹೊಡೆದುಹಾಕಿದ್ದೇನೆ, ತಪ್ಪನ್ನು ಸುಮ್ನೆ ಮಾತ್ರೆಯ ತಲೆಗೆ ಕಟ್ಟುತ್ತದೆ. ‘ಉಲ್ಬಣ’ ಅಂದರೆ ರೋಗವೇ ಹೆಚ್ಚಾಯಿತು, ಇಷ್ಟು ದಿನ ನುಂಗಿದ್ದು ದಂಡ ಅನ್ನಿಸುತ್ತದೆ. ಇನ್ನು ಜನರೇ ಹೇಳುವ ಮಾತು ‘ನಂಜು’. ‘ನಂಜಾಗಿದೆ’ ಅಂದಕೂಡಲೇ ಬದನೆಕಾಯಿ ಬಿಡು, ಮೀನು ಬಿಡು, ಸೊಪ್ಪು ಅರೆದು ಹಚ್ಚು ಅಂತ ಪಥ್ಯ ಶುರುವಾಗುತ್ತದೆ. ಅಷ್ಟರಲ್ಲಿ ವಾರಗಳು ಕಳೆದುಹೋಗುತ್ತವೆ. ಪದ ಎಷ್ಟೇ ನಮ್ಮದಾದರೂ ಇಲ್ಲಿ ಬೇಡ ಅಂತ ನನ್ನ ಅಭಿಪ್ರಾಯ.

ನನಗೆ ಹೊಳೆದದ್ದು ‘ಕೆರಳು’. ಹುಣ್ಣು ಕೆರಳಿತು, ಗಾಯ ಕೆರಳಿದೆ ಅಂತ ಹೇಳುತ್ತೇವೆ ಅಲ್ವಾ? ಕೆಂಪು, ಊತ, ಬಿಸಿ, ನೋವು ನಾಲ್ಕೂ ಅದರಲ್ಲಿವೆ. ಹೊಸದಾಗಿ ರೋಗ ಬಂತು ಅನ್ನುವ ಧ್ವನಿಯಿಲ್ಲ, ಮಾತ್ರೆಯ ಮೇಲೆ ದೂರೂ ಇಲ್ಲ. ಕ್ರಿಯಾಪದ ಆಗಿರುವುದರಿಂದ ವಾಕ್ಯವೂ ಸಲೀಸಾಗಿ ಬರುತ್ತದೆ: ‘ಮಚ್ಚೆ ಕೆರಳಿದರೆ ಮಾತ್ರೆ ನಿಲ್ಲಿಸಬೇಡಿ, ಅವತ್ತೇ ಆಸ್ಪತ್ರೆಗೆ ಬನ್ನಿ.’ ಡ್ಯಾಪ್ಸೋನ್ ವಿಷಯಕ್ಕೆ ‘ಒಗ್ಗದಿರುವುದು’ ಇಟ್ಟುಕೊಳ್ಳಬಹುದು: ‘ಮಾತ್ರೆ ಒಗ್ಗದೆ ಮೈತುಂಬ ದದ್ದು ಎದ್ದರೆ, ಕಣ್ಣು ಹಳದಿಯಾದರೆ, ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ.’ ಕೆರಳಿದರೆ ನುಂಗಿ, ಒಗ್ಗದಿದ್ದರೆ ಬಿಡಿ. ಎರಡು ಪದ, ಎರಡು ದಾರಿ.

ಆದರೆ ಕೆರಳುವುದು ಮಚ್ಚೆ ಮಾತ್ರ ಅಲ್ಲ, ನರವೂ ಕೆರಳುತ್ತದೆ. ನನ್ನ ಎರಡನೇ ಕಷ್ಟ ಇರುವುದು ಇಲ್ಲಿ. ನಮ್ಮ ಆಡುಮಾತಿನಲ್ಲಿ ಕೈಮೇಲೆ ಹಸಿರಾಗಿ ಕಾಣುವ ರಕ್ತನಾಳವೂ ನರ, ಹಿಮ್ಮಡಿಯ ಸ್ನಾಯುರಜ್ಜುವೂ ನರ, ಕತ್ತು ಉಳುಕಿದರೂ ‘ನರ ಹಿಡ್ಕೊಂಡಿದೆ’. ‘ನರ ನೋಯುತ್ತಾ?’ ಅಂತ ಕೇಳಿದರೆ ಅವರು ಮೀನಖಂಡದಲ್ಲಿ ಉಬ್ಬಿರುವ ರಕ್ತನಾಳ ತೋರಿಸಬಹುದು. ‘ನರ ದುರ್ಬಲವಾಗಿದೆ’ ಅಂತಂತೂ ಬರೆಯಲೇಬಾರದು. ಗೋಡೆಗಳ ಮೇಲಿನ ‘ನರದೌರ್ಬಲ್ಯ’ದ ಜಾಹೀರಾತುಗಳು ಆ ಮಾತಿಗೆ ಬೇರೆಯೇ ಅರ್ಥ ಅಂಟಿಸಿಬಿಟ್ಟಿವೆ.

ಹಾಗಾಗಿ ಹೆಸರಿಗಿಂತ ಜಾಗ ಹೇಳುವುದು ಒಳ್ಳೆಯದು ಅನ್ನಿಸುತ್ತದೆ. ಮೊಣಕೈ ಬಾಗಿಲಿಗೆ ತಾಗಿದಾಗ ಕಿರುಬೆರಳಿನ ತನಕ ಶಾಕ್ ಹೊಡೆದ ಹಾಗೆ ಆಗುತ್ತದಲ್ಲ, ಕುಷ್ಠದಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಅದೇ ನರ. ‘ತಾಗಿದರೆ ಜುಮ್ಮೆನ್ನುವ ನರ’ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಮೊಣಕಾಲಿನ ಹೊರಬದಿ, ಪಾದದ ಒಳಬದಿಯ ಹರಡಿನ ಹಿಂದೆ ಇರುವ ನರಗಳಿಗೆ ಇಂಥ ಸುಲಭದ ಗುರುತು ಸಿಕ್ಕಿಲ್ಲ.

ಕೆಲವರಿಗೆ ನರ ನೋಯುವುದೇ ಇಲ್ಲ, ಸದ್ದಿಲ್ಲದೆ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಆರೋಗ್ಯ ಕಾರ್ಯಕರ್ತರು ಆಗಾಗ ಕಣ್ಣು ಮುಚ್ಚಿಸಿ ಅಂಗೈ ಅಂಗಾಲಿಗೆ ಬಾಲ್‌ಪೆನ್ ತುದಿ ತಾಗಿಸಿ ನೋಡುತ್ತಾರೆ, ಕಿರುಬೆರಳನ್ನು ಅಗಲಿಸಿ ಹಿಡಿಯಲು ಹೇಳಿ ಒತ್ತಿ ನೋಡುತ್ತಾರೆ. ಕರಡಿನಲ್ಲಿ ಇದಕ್ಕೆ ‘ಸ್ಪರ್ಶಜ್ಞಾನ ಪರೀಕ್ಷೆ’ ಅಂತಿದೆ. ಕೇಳುವ ಪ್ರಶ್ನೆಗಳು ಮಾತ್ರ ಹೀಗಿರಲಿ ಅಂತ ಬದಲಿಸಿದ್ದೇನೆ: ಅಂಗಿ ಗುಂಡಿ ಹಾಕುವಾಗ ತಡವರಿಸುತ್ತೀರಾ? ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗುತ್ತದಾ? ಮಲಗಿದಾಗ ಕಣ್ಣು ಪೂರ್ತಿ ಮುಚ್ಚುತ್ತದೆಯೇ ಅಂತ ಮನೆಯವರನ್ನು ಕೇಳಿದ್ದೀರಾ? ‘ಜೋಮು’ ಮತ್ತು ‘ಮರಗಟ್ಟುವುದು’ ಎರಡನ್ನೂ ಉಳಿಸಿಕೊಂಡಿದ್ದೇನೆ. ಜೋಮು ಬಂದು ಹೋಗುತ್ತದೆ, ಮರಗಟ್ಟಿದ್ದು ಹೋಗುವುದಿಲ್ಲ.

ಇನ್ನೆರಡು ಚಿಕ್ಕ ವಿಷಯ. ‘ಕಣ್ಗಾವಲು’ ತೆಗೆದು ‘ನಿಗಾ’ ಮಾಡಿದ್ದೇನೆ. ಊರವರ ಕಣ್ಣಿಗೆ ಮೊದಲೇ ಅಂಜಿರುವವರಿಗೆ ಪೊಲೀಸ್ ಮಾತು ಬೇಡ. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಗಾಗುತ್ತದೆ, ಅದರಿಂದ ಏನೂ ಅಪಾಯವಿಲ್ಲ. ಆದರೆ ಮನೆಯವರು ‘ಮಾತ್ರೆ ಉಷ್ಣ’ ಅಂತ ತೀರ್ಮಾನಿಸಿ ಬಿಡಿಸಿಬಿಡುತ್ತಾರೆ. ಅದಕ್ಕೆ ‘ಇದು ಉಷ್ಣ ಅಲ್ಲ, ಮಾತ್ರೆಯ ಬಣ್ಣ’ ಅಂತಲೇ ಬರೆದಿದ್ದೇನೆ.

ನಿಮ್ಮಲ್ಲಿ ಕೇಳುವುದು ಇಷ್ಟು. ಕಲಬುರಗಿ, ರಾಯಚೂರು ಕಡೆ ಹುಣ್ಣಿಗೆ, ಮಚ್ಚೆಗೆ ‘ಕೆರಳು’ ಅನ್ನುತ್ತಾರಾ, ಅಥವಾ ಅಲ್ಲಿ ಅದು ಬರೀ ಸಿಟ್ಟಿನ ಮಾತಾ? ಕರಾವಳಿಯಲ್ಲಿ ಬೇರೆ ಪದ ಇದೆಯಾ? ರಕ್ತನಾಳದಿಂದ ಬೇರ್ಪಡಿಸಿ ನರಕ್ಕೆ ನಿಮ್ಮ ಕಡೆ ಹಿರಿಯರು ಏನಾದರೂ ಹೇಳುತ್ತಿದ್ದರಾ? ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇದ್ದರೆ, ರೋಗಿಗಳ ಬಾಯಿಂದ ಕೇಳಿದ ಮಾತನ್ನು ಹಾಗೇ ಬರೆದು ಕಳಿಸಿ. ನಿಘಂಟಿನ ಪದಕ್ಕಿಂತ ನನಗೆ ಅದೇ ಹೆಚ್ಚು ಬೇಕು.