ಪದಚರ್ಚೆ: ಕಾರ್ಬೊರೇಟರ್ ಎಳೆದುಕೊಳ್ಳುತ್ತದೆ, ಇಂಜೆಕ್ಷನ್ ಏನು ಮಾಡುತ್ತದೆ?

ಗೆಳೆಯರೇ,

ನಾನಿರುವುದು ಅಮೆರಿಕದ ಕೊಲರಾಡೊದಲ್ಲಿ. ನನ್ನ ಬಳಿ 1979ರ ಷೆವ್ರೊಲೆ ಸಿ10 ಗಾಡಿಯಿದೆ, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿಯಿರುವಂಥದ್ದು. 5.7 ಲೀಟರಿನ ಎಂಟು ಸಿಲಿಂಡರ್ ಎಂಜಿನ್, ಅದರ ನೆತ್ತಿಯ ಮೇಲೆ ಗಾಳಿಗೆ ಪೆಟ್ರೋಲು ಬೆರೆಸಿಕೊಡುವ ನಾಲ್ಕು ಗಂಟಲಿನ ಕಾರ್ಬೊರೇಟರ್. ಅದನ್ನು ತೆಗೆದು, ಪಂಪಿನ ಒತ್ತಡದಿಂದ ಪೆಟ್ರೋಲು ಕೊಡುವ ಫ್ಯುಯೆಲ್ ಇಂಜೆಕ್ಷನ್ ಕೂರಿಸಬೇಕೇ ಎಂಬ ವಿಷಯವಾಗಿ ಇಲ್ಲಿನ ಕನ್ನಡ ಬಳಗದ ಸಂಚಿಕೆಗೆ ಲೇಖನ ಬರೆಯಲು ಕುಳಿತೆ. ಪದಗಳು ಕೈಕೊಟ್ಟವು. ಬಲ್ಲವರ ಸಹಾಯ ಬೇಕಾಗಿದೆ.

ಮೊದಲ ತೊಡಕು ಗಾಡಿಯ ಹೆಸರಿನದೇ. ಇಲ್ಲಿ ಇದನ್ನು ಟ್ರಕ್ ಎನ್ನುತ್ತಾರೆ. ಲೇಖನದ ಮೊದಲ ಸಾಲುಗಳನ್ನು ಊರಿನಲ್ಲಿರುವ ಚಿಕ್ಕಪ್ಪನಿಗೆ ಫೋನಿನಲ್ಲಿ ಓದಿದೆ. ಅವರು ಬಹಳ ವರ್ಷ ಡೀಸೆಲ್ ಪಂಪ್ ರಿಪೇರಿ ಮಾಡಿದವರು. ‘ಟ್ರಕ್ಕಿಗೆ ಕಾರ್ಬೊರೇಟರ್ ಎಲ್ಲಿಂದ ಬಂತು? ಅದಕ್ಕಿರುವುದು ಪಂಪು, ನಾಜಲ್’ ಎಂದು ಅಲ್ಲೇ ತಡೆದರು. ಅವರು ಹೇಳಿದ್ದು ಸರಿ. ನಮ್ಮಲ್ಲಿ ಟ್ರಕ್ ಎಂದರೆ ಲಾರಿ, ಲಾರಿ ಎಂದರೆ ಡೀಸೆಲ್, ಡೀಸೆಲ್ ಎಂಜಿನ್ನಿಗೆ ಕಾರ್ಬೊರೇಟರ್ ಇರುವುದಿಲ್ಲ. ಬಾಷ್ ಕಂಪನಿ ಡೀಸೆಲ್ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು 1927ರಲ್ಲಿ. ಷೆವ್ರೊಲೆ ತನ್ನ ಈ ಬಗೆಯ ಪೆಟ್ರೋಲ್ ಗಾಡಿಗಳಿಗೆ ಇಂಜೆಕ್ಷನ್ ತಂದದ್ದು 1987ರ ಮಾದರಿಗಳಲ್ಲಿ. ಹೀಗಾಗಿ ‘ಹಳೆಯ ಲಾರಿಗೆ ಇಂಜೆಕ್ಷನ್ ಹಾಕಿಸಲೇ?’ ಎಂದು ಬರೆದರೆ ಕನ್ನಡದ ಓದುಗರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಪತ್ರಿಕೆಗಳು ಈಗ ‘ಪಿಕಪ್ ವಾಹನ’ ಎಂದು ಬರೆಯುತ್ತಿವೆ. ನಾನೂ ‘ಪಿಕಪ್’ ಎಂದೇ ಇಟ್ಟುಕೊಂಡಿದ್ದೇನೆ. ‘ಗೂಡ್ಸ್ ಗಾಡಿ’ ಎನ್ನಬಹುದಿತ್ತು, ಆದರೆ ಅದು ಬಾಡಿಗೆಗೆ ಓಡುವ ಗಾಡಿ ಎಂಬ ಭಾವ ತರುತ್ತದೆ. ನನ್ನದು ಮನೆಬಳಕೆಯದು.

ನಿಜವಾದ ಕಷ್ಟ ‘ಇಂಜೆಕ್ಷನ್’ ಪದದ್ದು. ಕನ್ನಡದಲ್ಲಿ ಇಂಜೆಕ್ಷನ್ ಎಂದೊಡನೆ ಸೂಜಿ ನೆನಪಾಗುತ್ತದೆ. ಚುಚ್ಚುಮದ್ದು ಎಂಬ ಸೊಗಸಾದ ಪದವೂ ಸೂಜಿಯ ಮೊನೆಯನ್ನೇ ಹಿಡಿದಿದೆ. ಎಂಜಿನ್ನಿನಲ್ಲಿ ಯಾರೂ ಯಾರನ್ನೂ ಚುಚ್ಚುವುದಿಲ್ಲ, ಆದ್ದರಿಂದ ‘ಇಂಧನ ಚುಚ್ಚುವಿಕೆ’ ನನಗೆ ಒಪ್ಪಿಗೆಯಿಲ್ಲ. ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೆ ಒಳಕ್ಕೆ ಎಸೆಯುವುದು ಎಂಬ ಅರ್ಥವಿದೆ. ‘ಅಂತಃಕ್ಷೇಪಣ’ ಎಂದರೆ ಅರ್ಥ ತೂಕಕ್ಕೆ ತೂಕ ಹೊಂದುತ್ತದೆ. ಆದರೆ ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿದ ಕೈಯವರು ಆಡಬಲ್ಲ ಮಾತು ಅದಲ್ಲ.

ಎರಡೂ ಸಾಧನಗಳ ಕೆಲಸದಲ್ಲಿರುವ ವ್ಯತ್ಯಾಸ ಕ್ರಿಯಾಪದದಲ್ಲೇ ಕಾಣಬೇಕು ಎಂಬುದು ನನ್ನ ಹಟ. ಕಾರ್ಬೊರೇಟರಿನಲ್ಲಿ ಎಂಜಿನ್ ಗಾಳಿಯನ್ನು ಹೀರುತ್ತದೆ. ಇಕ್ಕಟ್ಟಾದ ಗಂಟಲಿನಲ್ಲಿ ಗಾಳಿಯ ವೇಗ ಏರಿ ಒತ್ತಡ ಇಳಿಯುತ್ತದೆ. ಬಟ್ಟಲಿನಲ್ಲಿರುವ ಪೆಟ್ರೋಲು ಜೆಟ್ಟಿನ ಸಣ್ಣ ತೂತಿನಿಂದ ತಾನಾಗಿ ಎಳೆದುಕೊಂಡು ಬರುತ್ತದೆ. ಬಟ್ಟಲನ್ನು ತುಂಬಿಸಲು ಚದರ ಅಂಗುಲಕ್ಕೆ 6–7 ಪೌಂಡ್ ಒತ್ತಡದ ಪಂಪು ಸಾಕು. ಹಳೆಯ ಗಾಡಿಗಳಿಗೆಂದು ಈಗ ಮಾರುವ ಇಂಜೆಕ್ಷನ್ ಕಿಟ್‌ಗಳಲ್ಲಿ ಸಾಮಾನ್ಯವಾಗಿ 40 ಪೌಂಡಿಗೂ ಹೆಚ್ಚಿನ ಒತ್ತಡವಿರುತ್ತದೆ. ಕಂಪ್ಯೂಟರ್ ಹೇಳಿದಷ್ಟು ಹೊತ್ತು ಮಾತ್ರ ಬಾಯಿ ತೆರೆದು ನಾಜಲ್ ಪೆಟ್ರೋಲನ್ನು ಹೊಡೆಯುತ್ತದೆ.

ಇಲ್ಲಿ ‘ಹೊಡೆಯುತ್ತದೆ’ ಎಂಬ ಮಾತು ನನ್ನ ಬಾಯಿಗೆ ತಾನಾಗಿ ಬಂತು. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವುದನ್ನು ನೋಡಿ ಬೆಳೆದವನು ನಾನು. ಅಲ್ಲಿಯೂ ಪಂಪು, ಒತ್ತಡ, ನಾಜಲ್, ಮಂಜಿನಂತಹ ಹನಿ ಎಲ್ಲವೂ ಇವೆ. ಚಿಕ್ಕಪ್ಪನೂ ‘ನಾಜಲ್ ಸರಿಯಾಗಿ ಡೀಸೆಲ್ ಹೊಡೆಯುತ್ತಿಲ್ಲ’ ಎನ್ನುವವರೇ. ಕ್ರಿಯಾಪದ ಸಿಕ್ಕಿತು, ಆದರೆ ನಾಮಪದವಿಲ್ಲ. ‘ಇಂಧನ ಹೊಡೆತ’ ಎಂದರೆ ಬೆಲೆಯೇರಿಕೆಯ ಸುದ್ದಿಯಂತೆ ಕೇಳುತ್ತದೆ. ‘ಸಿಂಪಡಣೆ’ ಮೆದುವಾಯಿತು, ಅದರಲ್ಲಿ ಒತ್ತಡವಿಲ್ಲ. ‘ಚಿಮ್ಮಿಕೆ’ ಹೇಗೆ?

ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್, ತಣ್ಣಗಿರುವ ಎಂಜಿನ್ ಹೊತ್ತಿಸಲು ಬಳಸುವ ಚೋಕ್ ಎಂಬ ಪದಗಳನ್ನೂ ಗಮನಿಸಿ. ಒಂದು ಗಂಟಲಿಗೆ ಸಂಬಂಧಿಸಿದ್ದು, ಇನ್ನೊಂದು ಉಸಿರುಗಟ್ಟಿಸುವುದು. ಇಂಗ್ಲಿಷಿನವರು ಇಡೀ ಸಾಧನವನ್ನು ಉಸಿರಾಡುವ ಗಂಟಲಾಗಿ ಕಂಡಿದ್ದಾರೆ. ನಾವು ಹಳೆಯ ಸ್ಕೂಟರುಗಳ ಚೋಕ್ ಎಳೆದು ಕಿಕ್ ಹೊಡೆಯುತ್ತಿದ್ದಾಗ ಉಸಿರುಗಟ್ಟಿಸುವ ಆ ಅರ್ಥವನ್ನು ಪದ ನಮಗೆ ಹೇಳುತ್ತಿರಲಿಲ್ಲ.

ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಮಾತ್ರ ಕನ್ನಡ ಒಳ್ಳೆಯ ಪದ ಕೊಟ್ಟಿದೆ: ಹದ. ತೂಕದಲ್ಲಿ 1 ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಸೇರಿದರೆ ಎರಡೂ ಮಿಗದಂತೆ ಉರಿಯುತ್ತವೆ. ಇಲ್ಲಿನವರು ಪೆಟ್ರೋಲು ಹೆಚ್ಚಾದ ಮಿಶ್ರಣವನ್ನು ‘ರಿಚ್’ ಎನ್ನುತ್ತಾರೆ. ‘ಶ್ರೀಮಂತ ಮಿಶ್ರಣ’ ಎಂದು ದಯವಿಟ್ಟು ಯಾರೂ ಬರೆಯಬೇಡಿ. ‘ಹದ ಮೀರಿದೆ’ ಎಂದರೆ ಸಾಕು. ನನ್ನ ಸಮಸ್ಯೆಯೂ ಅದೇ. ಇಲ್ಲಿನ ರಾಜಧಾನಿ ಡೆನ್ವರ್ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಪಶ್ಚಿಮಕ್ಕೆ ಹೋಗುವ ಹೆದ್ದಾರಿಯ ಐಸೆನ್‌ಹೋವರ್ ಸುರಂಗ ಸುಮಾರು 3,400 ಮೀಟರಿನಲ್ಲಿ. ಏರುತ್ತಾ ಗಾಳಿ ತೆಳುವಾಗುತ್ತದೆ, ಜೆಟ್ಟಿನ ತೂತು ಇದ್ದಷ್ಟೇ ಇರುತ್ತದೆ, ಹದ ಮೀರಿ ಎಂಜಿನ್ ಸೊರಗುತ್ತದೆ. ಇಂಜೆಕ್ಷನ್ನಾದರೆ ಸೆನ್ಸರುಗಳನ್ನು ಕೇಳಿ ತಾನೇ ಹದ ಸರಿಮಾಡಿಕೊಳ್ಳುತ್ತದೆ. ಬಯಲಿನಲ್ಲೇ ಓಡುವ ಗಾಡಿಯಾಗಿದ್ದರೆ ಕಾರ್ಬೊರೇಟರನ್ನು ಬಿಚ್ಚಿ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಇಟ್ಟುಕೊಳ್ಳುತ್ತಿದ್ದೆ. ಘಟ್ಟದ ದಾರಿಗಾಗಿ ಇಂಜೆಕ್ಷನ್ನೇ ಎಂದು ತೀರ್ಮಾನಿಸಿದ್ದೇನೆ, ಹೊಸ ಪಂಪು, ಮಿಕ್ಕ ಪೆಟ್ರೋಲು ಟ್ಯಾಂಕಿಗೆ ಹಿಂದಿರುಗುವ ಕೊಳವೆ, ಸೈಲೆನ್ಸರ್ ಕೊಳವೆಗೆ ಸೆನ್ಸರಿನ ಬೆಸುಗೆ ಎಲ್ಲ ಸೇರಿ ಸಾವಿರ ಡಾಲರ್ ಮೀರಿದರೂ.

2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದ ಮೇಲೆ ನಮ್ಮೂರಿನ ಬೈಕುಗಳಲ್ಲೂ ಕಾರ್ಬೊರೇಟರ್ ಮಾಯವಾಗುತ್ತಾ ಬಂದಿದೆ; ಜನ ‘ಎಫ್ಐ ಗಾಡಿ’ ಎಂದು ಎರಡಕ್ಷರದಲ್ಲಿ ಮುಗಿಸುತ್ತಾರೆ. ಲೇಖನಕ್ಕೆ ಅದು ಸಾಲದು. ನಿಮ್ಮ ಕಡೆಯ ಬೈಕ್ ಮೆಕ್ಯಾನಿಕ್ಕುಗಳು, ಪಂಪ್ ರಿಪೇರಿಯವರು ಈ ಕೆಲಸಕ್ಕೆ ‘ಹೊಡೆ’ಯನ್ನಲ್ಲದೆ ಬೇರೆ ಕ್ರಿಯಾಪದ ಬಳಸುವುದನ್ನು ಕೇಳಿದ್ದೀರಾ? ‘ಚಿಮ್ಮಿಕೆ’ ಓದುವಾಗ ಕಿವಿಗೆ ಒಗ್ಗುತ್ತದೆಯೇ? ತಿಂಗಳ ಕೊನೆಗೆ ಲೇಖನ ಕೊಡಬೇಕು, ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.