ಪದಚರ್ಚೆ: ಬಿಸ್ಕತ್ತಿನ ಪೊಟ್ಟಣಕ್ಕೆ ‘ಸೀಮಿತ ಆವೃತ್ತಿ’ ಎನ್ನಬಹುದೇ?

ಮಾನ್ಯರೆ,

ಹಳೆಯ ಮಾಂಗಾ (ಜಪಾನಿನ ಕಾಮಿಕ್ಸ್) ಕಥೆಗಳ ಪಾತ್ರಗಳನ್ನು ಹೊದಿಕೆಯ ಮೇಲೆ ಅಚ್ಚುಹಾಕಿಸಿ ಕೆಲವು ಕಾಲ ಮಾತ್ರ ಮಾರುವ ಜಪಾನಿನ ಬಿಸ್ಕತ್ತು ಪೊಟ್ಟಣಗಳ ಬಗ್ಗೆ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ‘ಲಿಮಿಟೆಡ್ ಎಡಿಷನ್’ ಎಂಬುದಕ್ಕೆ ಪತ್ರಿಕೆಗಳಲ್ಲಿ ರೂಢಿಯಾಗಿರುವ ‘ಸೀಮಿತ ಆವೃತ್ತಿ’ ಇಲ್ಲಿ ಸರಿಹೊಂದುವುದೇ ಎಂಬುದು ನನ್ನ ಪ್ರಶ್ನೆ.

‘ಆವೃತ್ತಿ’ ಎಂದರೆ ಮೂಲದಲ್ಲಿ ಮರಳಿ ಬರುವುದು. ಪುಸ್ತಕದ ಎರಡನೆಯ ಆವೃತ್ತಿ, ದಿನಪತ್ರಿಕೆಯ ಹುಬ್ಬಳ್ಳಿ ಆವೃತ್ತಿ ಎನ್ನುವಾಗ ಅದು ಸಹಜವಾಗಿಯೇ ಕೇಳುತ್ತದೆ. ಕಾರು, ಕೈಗಡಿಯಾರ, ಫೋನುಗಳಿಗೂ ಅದು ಹಬ್ಬಿರುವಾಗ ಈಗ ಆಕ್ಷೇಪಿಸಿ ಫಲವಿಲ್ಲ. ಆದರೆ ‘ಬಿಸ್ಕತ್ತಿನ ಸೀಮಿತ ಆವೃತ್ತಿ’ ಎಂದೊಡನೆ ಒಳಗಿನ ತಿಂಡಿಯೇ ಬೇರೆಯದೆಂದು ಓದುಗರು ತಿಳಿಯುತ್ತಾರೆ. ನಾನು ಹೇಳಹೊರಟಿರುವ ಪೊಟ್ಟಣಗಳಲ್ಲಿ ಬಿಸ್ಕತ್ತು ಎಂದಿನದೇ, ಬದಲಾಗಿರುವುದು ಹೊದಿಕೆಯೊಂದೇ.

ಇದಕ್ಕಿಂತ ದೊಡ್ಡ ತೊಡಕು ‘ಸೀಮಿತ’ದ್ದು. ಯಾವುದಕ್ಕೆ ಸೀಮೆ ಎಂಬುದನ್ನು ಅದು ಹೇಳುವುದಿಲ್ಲ. ಜಪಾನಿನ ಪೊಟ್ಟಣಗಳ ಮೇಲೆ ಮಿತಿ ಎಂಬರ್ಥದ ‘ಗೆಂತೇಯಿ’ ಎಂಬ ಪದ ಒಂಟಿಯಾಗಿ ಬರುವುದು ಕಡಿಮೆ. ಅವಧಿಗೆ ಮಿತಿಯಿದ್ದರೆ ‘ಕಿಕಾನ್ ಗೆಂತೇಯಿ’, ಸಂಖ್ಯೆಗೆ ಮಿತಿಯಿದ್ದರೆ ‘ಸೂರ್ಯೋ ಗೆಂತೇಯಿ’, ಒಂದು ಸೀಮೆಯಲ್ಲಿ ಮಾತ್ರ ಸಿಗುವುದಾದರೆ ‘ಚಿಇಕಿ ಗೆಂತೇಯಿ’ ಎಂದು ಬಿಡಿಸಿ ಬರೆದಿರುತ್ತಾರೆ. ನಮ್ಮ ಅಂಗಡಿಗಳ ‘ದಾಸ್ತಾನು ಇರುವವರೆಗೆ ಮಾತ್ರ’ ಎಂಬ ಫಲಕವೂ ಸಂಖ್ಯೆಯ ಮಿತಿಯನ್ನು ಸ್ಪಷ್ಟವಾಗಿಯೇ ತಿಳಿಸುತ್ತದೆ. ‘ಸೀಮಿತ ಆವೃತ್ತಿ’ಗಿಂತ ಆ ಫಲಕದ ಕನ್ನಡವೇ ಹೆಚ್ಚು ಪ್ರಾಮಾಣಿಕವೆಂದು ನನ್ನ ಅನಿಸಿಕೆ.

ಹೊದಿಕೆಯ ಚಿತ್ರವನ್ನೂ ಪೊಟ್ಟಣದೊಂದಿಗೆ ಬರುವ ಕೊಡುಗೆಯನ್ನೂ ಬೇರೆಬೇರೆಯಾಗಿ ಹೆಸರಿಸುವುದು ಈ ಲೇಖನಕ್ಕೆ ಅಗತ್ಯ. ಮಾಂಗಾಕಾರ ಒಸಾಮು ತೆಜುಕಾ ಅವರು 1952ರಲ್ಲಿ ಆರಂಭಿಸಿದ, ಆತೊಮು ಎಂಬ ಯಂತ್ರಬಾಲಕನ ಕಥೆಯಾದ ‘ತೆತ್ಸುವಾನ್ ಆತೊಮು’ 1963ರ ಜನವರಿ 1ರಿಂದ ದೂರದರ್ಶನದಲ್ಲಿ ಪ್ರಸಾರವಾದಾಗ ಅದರ ಪ್ರಾಯೋಜಕರು ಮೇಯಿಜಿ ಮಿಠಾಯಿ ಕಂಪನಿಯವರು. ಅವರು ತಮ್ಮ ಮಾರ್ಬಲ್ ಚಾಕೊಲೇಟಿನ ಜೊತೆಗೆ ಆತೊಮುವಿನ ಅಂಟುಚಿತ್ರಗಳನ್ನು ಕೊಟ್ಟು ಮಕ್ಕಳ ಮನಸ್ಸನ್ನು ಗೆದ್ದರು. 1971ರಲ್ಲಿ ಕಾಲ್ಬಿ ಕಂಪನಿ ಕಾಮೆನ್ ರೈಡರ್ ಎಂಬ ಮುಖವಾಡದ ವೀರನ ಚಿತ್ರವಿದ್ದ ಪಟಗಳೊಂದಿಗೆ ಕುರುಕಲು ಮಾರಿದಾಗ, ಹುಡುಗರು ಪಟವನ್ನು ಇಟ್ಟುಕೊಂಡು ತಿಂಡಿಯನ್ನೇ ಬಿಸಾಡಿದ್ದು ಅಲ್ಲಿ ದೊಡ್ಡ ಸುದ್ದಿಯಾಗಿತ್ತು. ಇಂಥ ಕೊಡುಗೆಗೆ ಜಪಾನೀಯರು ‘ಒಮಾಕೆ’ ಎನ್ನುತ್ತಾರೆ. ಬೆಲೆ ಇಳಿಸು ಎಂಬರ್ಥವೂ ಇರುವ ಕ್ರಿಯಾಪದದಿಂದ ಅದು ಹುಟ್ಟಿದೆ. ನಮ್ಮ ‘ಕೊಸರು’ ಇದಕ್ಕೆ ತಕ್ಕ ಪದ. ಸಂತೆಯಲ್ಲಿ ಕೊಸರಾಡಿ ಪಡೆಯುವುದೇ ಕೊಸರು ಎಂಬುದನ್ನು ನೆನೆದರೆ ‘ಉಚಿತ ಕೊಡುಗೆ’ಗಿಂತ ಇದು ಎಷ್ಟೋ ಮೇಲು. 1984ರಲ್ಲಿ ಬಂದ ಲೊತ್ತೆ ಕಂಪನಿಯವರ, ಕೊಆಲಾ ಪ್ರಾಣಿಯ ಚಿತ್ರವಿರುವ ಬಿಸ್ಕತ್ತಿನಂತೆ ಚಿತ್ರವು ತಿಂಡಿಯ ಮೇಲೆಯೇ ಅಚ್ಚಾಗಿದ್ದರೆ ‘ಚಿತ್ರದ ಬಿಸ್ಕತ್ತು’ ಎಂದರೆ ಸಾಕು.

‘ಮಾಂಗಾ’ ಎಂದು ದೀರ್ಘವಾಗಿ ಬರೆದಿರುವುದು ಉದ್ದೇಶಪೂರ್ವಕ. ಜಪಾನೀ ಉಚ್ಚಾರಣೆಗೆ ‘ಮಂಗ’ವೇ ಹತ್ತಿರ, ಆದರೆ ‘ಮಂಗನ ಚಿತ್ರವಿರುವ ಬಿಸ್ಕತ್ತು’ ಎಂದು ಬರೆದರೆ ಮುಂದಿನ ಸಾಲನ್ನು ಯಾರೂ ಗಂಭೀರವಾಗಿ ಓದಲಾರರು. ‘ಚಿತ್ರಕಥೆ’ ಎನ್ನೋಣವೆಂದರೆ ಅದನ್ನು ಸಿನಿಮಾದವರು ತಮ್ಮದಾಗಿಸಿಕೊಂಡಿದ್ದಾರೆ.

ಸದ್ಯಕ್ಕೆ ಅವಧಿಯ ಮಿತಿಯಿರುವಲ್ಲಿ ‘ಕೆಲಕಾಲದ ವಿಶೇಷ ಹೊದಿಕೆ’ ಎಂದೂ, ಸಂಖ್ಯೆಯ ಮಿತಿಯಿರುವಲ್ಲಿ ‘ಮಿತಸಂಖ್ಯೆಯ ಪೊಟ್ಟಣ’ ಎಂದೂ ಬರೆದುಕೊಂಡಿದ್ದೇನೆ. ಎರಡನೆಯದು ಸ್ವಲ್ಪ ಕಚೇರಿಯ ಕಾಗದದಂತೆ ಕೇಳುತ್ತದೆ. ಹಬ್ಬಕ್ಕಾಗಿ ಹೊದಿಕೆ ಮಾತ್ರ ಬದಲಾಯಿಸಿದ ಸರಕನ್ನು ಸಗಟು ವ್ಯಾಪಾರಿಗಳಾಗಲಿ, ರಟ್ಟಿನ ಡಬ್ಬಿ ಅಚ್ಚುಹಾಕುವ ಮುದ್ರಣಾಲಯದವರಾಗಲಿ ತಮ್ಮೊಳಗೆ ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದನ್ನು ಬಲ್ಲವರು, ಅದು ಇಂಗ್ಲಿಷಿನಿಂದ ಬಂದ ಪದವೇ ಆಗಿದ್ದರೂ, ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.