ಸತತ ಆರು ನೈಟ್, ಬರ್ನ್‌ಔಟ್: ಐಸಿಯು ಸಿಸ್ಟರ್‌ಗಳಿಗೆ ನಿಜಕ್ಕೂ ಏನು ಹೇಳಿಕೊಡಬೇಕು?

ಐಸಿಯು_ಇನ್‌ಚಾರ್ಜ್:

ಖಾಸಗಿ ಆಸ್ಪತ್ರೆಯ 12 ಹಾಸಿಗೆಯ ಐಸಿಯು. ನೈಟ್ ಡ್ಯೂಟಿ ರಾತ್ರಿ 8ರಿಂದ ಬೆಳಗ್ಗೆ 8. ಸತತ ಆರು ನೈಟ್ ಮುಗಿದರೆ ಎರಡು ಆಫ್. ಹೊಸದಾಗಿ ಸೇರಿದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಬಿಎಸ್ಸಿ ನರ್ಸಿಂಗ್ ಹುಡುಗಿಯರಲ್ಲಿ ಕೆಲವೇ ತಿಂಗಳಲ್ಲಿ ಬರ್ನ್‌ಔಟ್‌ನ, ಅಂದರೆ ಕೆಲಸದ ಒತ್ತಡದಲ್ಲಿ ಬತ್ತಿಹೋಗುವುದರ, ಒಂದೇ ಥರದ ಚಿಹ್ನೆಗಳು ಕಾಣುತ್ತಿವೆ. ಆಫ್ ಇದ್ದರೂ ನಿದ್ದೆ ಇಲ್ಲ. ರೋಗಿಯ ಹೆಸರು ಹೋಗಿ 'ಬೆಡ್ ಏಳು' ಆಗಿಬಿಡುತ್ತದೆ. ಬೈಸ್ಟ್ಯಾಂಡರ್ (ರೋಗಿಯ ಜೊತೆಗಿರುವ ಮನೆಯವರು) ಅದೇ ಪ್ರಶ್ನೆ ಎರಡನೇ ಸಲ ಕೇಳಿದರೆ ಸಿಡುಕು. ಡ್ಯೂಟಿಗೆ ಹೊರಡುವ ಹೊತ್ತಿಗೆ ಹೊಟ್ಟೆ ತೊಳಸುತ್ತದೆ.

ಇನ್‌ಸರ್ವಿಸ್ ಕ್ಲಾಸಿಗೆ (ಕೆಲಸದಲ್ಲಿರುವವರಿಗೆ ನಡೆಸುವ ತರಬೇತಿ) 45 ನಿಮಿಷ ಸಿಕ್ಕಿದೆ. 'ಯೋಗ ಮಾಡಿ, ಪಾಸಿಟಿವ್ ಆಗಿರಿ' ಎನ್ನುವ ಸ್ಲೈಡ್ ಬೇಡ. ನಾಳೆಯಿಂದಲೇ ಮಾಡಬಹುದಾದದ್ದು ಬೇಕು. ನಿದ್ದೆ ಹೇಗೆ ಹೊಂದಿಸಿಕೊಳ್ಳುವುದು, ಡೆತ್ ಆದ ಅರ್ಧ ಗಂಟೆಗೇ ಅದೇ ಹಾಸಿಗೆಗೆ ಅಡ್ಮಿಷನ್ ಬಂದರೆ ಏನು ಮಾಡುವುದು, ಯಾವ ಹಂತದಲ್ಲಿ ಡಾಕ್ಟರ ಹತ್ತಿರ ಕಳಿಸುವುದು?

ರಾತ್ರಿಪಾಳಿ:

45 ನಿಮಿಷದಲ್ಲಿ ಅರ್ಧಕ್ಕಿಂತ ಹೆಚ್ಚು ನಿದ್ದೆಗೇ ಕೊಡಿ. ನಿದ್ದೆ ಕೆಟ್ಟವರಿಗೆ ಉಳಿದ ಯಾವ ಉಪಾಯವೂ ಹತ್ತುವುದಿಲ್ಲ.

ಮೊದಲ ನೈಟ್‌ಗೆ ಹೋಗುವ ದಿನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಲೇಬೇಕು. ಬೆಳಗ್ಗೆ ಆರಕ್ಕೆ ಎದ್ದು ಹಾಗೇ ಡ್ಯೂಟಿಗೆ ಬಂದವರು ಮರುದಿನ ಎಂಟಕ್ಕೆ 26 ಗಂಟೆ ಎಚ್ಚರವಿದ್ದಿರುತ್ತಾರೆ. ಕೊನೆಯ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ) ಲೆಕ್ಕ, ಇನ್ಸುಲಿನ್ ಡೋಸ್ ಎಲ್ಲ ಆ ಹೊತ್ತಿಗೇ ಬರುತ್ತದೆ.

ಡ್ಯೂಟಿಯ ನಡುವೆ ಒಂದರಿಂದ ಮೂರರೊಳಗೆ 20 ನಿಮಿಷದ ಕಿರುನಿದ್ದೆ. ಅಲಾರಂ ಇಟ್ಟುಕೊಂಡೇ ಮಲಗಬೇಕು. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಇಳಿದು, ಎದ್ದ ಮೇಲೆ ತಲೆ ಮಂಕಾಗಿರುತ್ತದೆ. ಎದ್ದ ಕೂಡಲೇ ಡ್ರಗ್ ಲೆಕ್ಕಕ್ಕೆ ಕೈ ಹಾಕಬಾರದು. ಮುಖ ತೊಳೆದು, ನಾಲ್ಕು ಹೆಜ್ಜೆ ಓಡಾಡಿ, ಹತ್ತು ಹದಿನೈದು ನಿಮಿಷ ಬಿಟ್ಟು ಶುರು ಮಾಡಲಿ. ಈ ನಿದ್ದೆ ಕದ್ದುಮುಚ್ಚಿ ಮಾಡುವಂಥದ್ದಾಗಬಾರದು. ಆ 20 ನಿಮಿಷ ಯಾರ ಹಾಸಿಗೆಯನ್ನು ಯಾರು ನೋಡಿಕೊಳ್ಳಬೇಕು ಎಂದು ಅಲೋಕೇಶನ್ ಶೀಟ್‌ನಲ್ಲೇ ಬರೆಯಿರಿ. ಬರೆಯದಿದ್ದರೆ ಸೀನಿಯರ್‌ಗಳು ಮಾತ್ರ ಮಲಗುತ್ತಾರೆ.

ಕಾಫಿ ಎರಡು ಗಂಟೆಗೆ ಕೊನೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಎರಡಕ್ಕೆ ಕುಡಿದದ್ದರಲ್ಲಿ ಏಳಕ್ಕೆ ಅರ್ಧ, ಮಧ್ಯಾಹ್ನ ಹನ್ನೆರಡಕ್ಕೂ ಕಾಲು ಭಾಗ ಮೈಯಲ್ಲೇ ಇರುತ್ತದೆ. ನಾಲ್ಕೂವರೆಗೆ ತೂಕಡಿಕೆ ತಾಳದೆ ಸ್ಟ್ರಾಂಗ್ ಕಾಫಿ ಕುಡಿದವರು ಹತ್ತಕ್ಕೆ ಮಲಗಿ ಹನ್ನೆರಡಕ್ಕೆ ಕಣ್ಣು ಬಿಡುತ್ತಾರೆ. ಹನ್ನೊಂದಕ್ಕೆ ಅರ್ಧ ಲೋಟ, ಎರಡಕ್ಕೆ ಅರ್ಧ ಲೋಟ ಸಾಕು. ಎರಡನೆಯದನ್ನು ಕಿರುನಿದ್ದೆಗೆ ಮುಂಚೆಯೇ ಕುಡಿದರೆ, ಏಳುವ ಹೊತ್ತಿಗೆ ಅದು ಕೆಲಸ ಶುರುಮಾಡಿರುತ್ತದೆ.

ಊಟ ಮನೆಯಲ್ಲೇ, ಏಳೂವರೆಯೊಳಗೆ ಮುಗಿಸಿ ಬರಲಿ. ರಾತ್ರಿ ದೇಹ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಒಂದು ಗಂಟೆಗೆ ಎಲ್ಲರೂ ಸೇರಿ ತರಿಸುವ ಬಿರಿಯಾನಿಯ ಫಲವೇ ಮೂರು ಗಂಟೆಯ ತೂಕಡಿಕೆ, ಎದೆಯುರಿ. ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಒಂದು ಹಿಡಿ ಶೇಂಗಾ, ಮಜ್ಜಿಗೆ ಇಷ್ಟು ಸಾಕು. ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕಾಗುತ್ತದೆಂದು ಕುಡಿಯದೇ ಇರುವವರು ಬಹಳ. ಮೂತ್ರದ ಸೋಂಕು, ತಲೆನೋವು ಬರುವುದು ಅಲ್ಲಿಂದಲೇ. ರೋಗಿಯ ಇನ್‌ಟೇಕ್-ಔಟ್‌ಪುಟ್ (ಒಳಹೋದ ದ್ರವ, ಹೊರಬಂದ ಮೂತ್ರದ ಲೆಕ್ಕ) ಗಂಟೆಗೊಮ್ಮೆ ಬರೆಯುವಾಗ ಪ್ರತಿ ನಾಲ್ಕನೇ ಗಂಟೆಯ ಕಾಲಂ ತುಂಬಿದಾಗಲೆಲ್ಲ ತಾನೂ ಬಾತ್‌ರೂಮಿಗೆ ಹೋಗಿ ಬರಬೇಕು ಎಂದು ರೂಢಿ ಮಾಡಿಸಿ.

ಬೆಳಗ್ಗೆ ಬಸ್ಸಿನಲ್ಲಿ ಹೋಗುವವರು ಕಪ್ಪು ಕನ್ನಡಕ ಹಾಕಿಕೊಳ್ಳಲಿ. ಬಿಸಿಲು ಕಣ್ಣಿಗೆ ಬಿದ್ದರೆ ನಿದ್ದೆಯ ಹಾರ್ಮೋನು ಮೆಲಟೋನಿನ್ ತಗ್ಗುತ್ತದೆ. ಸ್ಕೂಟಿ ಓಡಿಸುವವರಿಗೆ ಈ ಸಲಹೆ ಇಲ್ಲ. ಕಣ್ಣು ಎಳೆಯುತ್ತಿದ್ದರೆ ಚೇಂಜಿಂಗ್ ರೂಮಿನಲ್ಲೇ 20 ನಿಮಿಷ ಮಲಗಿ ಹೊರಡಬೇಕು. ಮನೆಯಲ್ಲಿ ಎರಡು ಇಡ್ಲಿಯೋ ಒಂದು ಲೋಟ ರಾಗಿ ಗಂಜಿಯೋ ಹೊಟ್ಟೆಗೆ ಹಾಕಿ, ಕಿಟಕಿಗೆ ಕಪ್ಪು ಚಾರ್ಟ್ ಪೇಪರ್ ಅಂಟಿಸಿ, ಒಂಬತ್ತೂವರೆಗೆ ಹಾಸಿಗೆ. ಒಟ್ಟಿಗೆ ಏಳು ಗಂಟೆ ಆಗದಿದ್ದರೆ ಒಂದೂವರೆವರೆಗೆ ನಾಲ್ಕು ಗಂಟೆ, ಮತ್ತೆ ಡ್ಯೂಟಿಗೆ ಮುಂಚೆ ಒಂದೂವರೆ ಗಂಟೆ ಎಂದು ಎರಡು ಕಂತು ಮಾಡಬಹುದು. 'ಹಗಲೆಲ್ಲ ಮನೆಯಲ್ಲೇ ಇರ್ತೀಯಲ್ಲ' ಎಂದು ಅಡುಗೆ, ಮಗುವಿನ ಸ್ಕೂಲು ಹೆಗಲಿಗೆ ಹಾಕುವ ಮನೆಯವರಿಗೆ ಈ ಸಮಯಗಳನ್ನು ಬರೆದು ಫ್ರಿಜ್ ಮೇಲೆ ಅಂಟಿಸಲಿ. ಬಾಯಿಮಾತು ನಿಲ್ಲುವುದಿಲ್ಲ.

ಆಫ್ ಕೆಡುವುದು ಮೊದಲ ಬೆಳಗ್ಗೆಯೇ. ಆರನೇ ನೈಟ್ ಮುಗಿಸಿ ಸಂಜೆ ನಾಲ್ಕರವರೆಗೆ ಮಲಗಿದರೆ ಆ ರಾತ್ರಿ ನಿದ್ದೆ ಬರುವುದಿಲ್ಲ, ಎರಡೂ ಆಫ್ ಹೋದ ಹಾಗೆಯೇ. ಮೂರು ಗಂಟೆ ಮಾತ್ರ ಮಲಗಿ, ಎದ್ದು ಬಿಸಿಲಲ್ಲಿ ಅರ್ಧ ಗಂಟೆ ನಡೆದು, ರಾತ್ರಿ ಹತ್ತಕ್ಕೆ ಮಲಗಬೇಕು.

ಇನ್ನೊಂದು ನಿಮ್ಮ ಕೈಯಲ್ಲೇ ಇದೆ. ಆರು ನೈಟ್‌ಗಳನ್ನು ಮೂರು ಮೂರಾಗಿ ಒಡೆಯಿರಿ. ಸ್ವ-ಆರೈಕೆ ಎಂದು ನೀವು ಕಲಿಸುವುದೆಲ್ಲಕ್ಕಿಂತ ಇದರ ಲಾಭ ದೊಡ್ಡದು.

ಧಾರವಾಡದ_ಸಿಸ್ಟರ್:

ಡೆತ್ ಆದ ಮ್ಯಾಲಿಂದು ಹೇಳ್ತೀನ್ರಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರ್ಯಾಗ ಜೊನಾಥನ್ ಬಾರ್ಟೆಲ್ಸ್ ಅನ್ನೋ ನರ್ಸ್ ಶುರು ಮಾಡಿದ ಒಂದು ಪದ್ಧತಿ ಐತಿ. ಡಾಕ್ಟರ್ ಸಮಯ ಡಿಕ್ಲೇರ್ ಮಾಡಿದ ಮ್ಯಾಲೆ, ಲೈನು ಟ್ಯೂಬು ತೆಗೆಯೂಕಿಂತ ಮೊದಲು, ಹಾಸಿಗೆ ಸುತ್ತ ಇದ್ದವರೆಲ್ಲಾ ಸುಮ್ಮನ ಒಂದು ನಿಮಿಷ ನಿಲ್ಲೋದು. ಮಾನಿಟರ್ ಸದ್ದು ಬಂದ್ ಮಾಡ್ರಿ. ಯಾರರೆ ಒಬ್ರು ರೋಗಿ ಹೆಸರು ಹೇಳಿ 'ಇವ್ರು ಒಂದು ಮನೀಗೆ ಬೇಕಾದವ್ರು ಇದ್ರು. ನಾವೂ ಕೈಲಾದಷ್ಟು ಮಾಡೀವಿ. ಒಂದ್ ನಿಮಿಷ ನಿಲ್ಲೋಣು' ಅಂದ್ರ ಸಾಕು. ಒಂದು ಧರ್ಮದ ಪ್ರಾರ್ಥನಿ ಆಗಬಾರ್ದು, ನಿಲ್ಲಲಾರದವರನ್ನ ಹಿಡಿದು ನಿಲ್ಲಿಸಬಾರ್ದು. ಮನೀಮಂದಿಗೆ ಸುದ್ದಿ ತಿಳಿಸೂದು ಇದರಿಂದ ಒಂದು ಕ್ಷಣನೂ ತಡ ಆಗಬಾರ್ದು.

ಆಮ್ಯಾಲೆ ಲಾಸ್ಟ್ ಆಫೀಸಸ್ (ಸತ್ತವರ ದೇಹ ಒರೆಸಿ ಸಿದ್ಧ ಮಾಡೂದು) ಇಬ್ಬರು ಕೂಡಿ ಮಾಡ್ರಿ. ಹೊಸಾ ಹುಡಿಗಿ ಒಬ್ಬಾಕಿನ್ನ ಅಲ್ಲಿ ಬಿಡಬ್ಯಾಡ್ರಿ. ಮುಗಿದ ಮ್ಯಾಲೆ ಆಕಿ ಐದು ನಿಮಿಷ ಐಸಿಯು ಹೊರಗ ಹೋಗಿ ಬರ್ಲಿ, ಹೊಸಾ ಅಡ್ಮಿಷನ್‌ಗೆ ಬೆಡ್ ಇನ್ನೊಬ್ರು ರೆಡಿ ಮಾಡ್ಲಿ. ಮರುದಿನ ಹತ್ತು ನಿಮಿಷ ಕೂಡ್ರಿ. ಏನಾತು, ಏನು ಚಲೋ ನಡೀತು, ಕ್ರ್ಯಾಶ್ ಕಾರ್ಟ್‌ನಾಗ (ತುರ್ತು ಔಷಧಿ, ಸಾಮಾನಿನ ಗಾಡಿ) ಏನು ಕಡಿಮಿ ಬಿತ್ತು, ಇಷ್ಟ ಕೇಳ್ರಿ. ಎಲ್ಲಾರನ್ನೂ ಸುತ್ತ ಕೂಡ್ರಿಸಿ ಒತ್ತಾಯ ಮಾಡಿ ಮನಸ್ಸಿನ ಮಾತು ಹೇಳಸೂದು ಬ್ಯಾಡ. ಹಂಗ ಒಂದ ಸಲ ಮಾಡೋ ಡೀಬ್ರೀಫಿಂಗ್‌ನಿಂದ ಮುಂದಿನ ಆಘಾತ ತಪ್ಪೂದಿಲ್ಲ, ಕೆಲವರಿಗೆ ಹೆಚ್ಚೂ ಆಗ್ತದ.

ಬಸ್‌ಸ್ಟಾಪಿಗೆ ಬಂದ ಮ್ಯಾಲೆ 'ಏನೋ ಮರ್ತೀನಿ' ಅನ್ನೋ ಗಾಬರಿ ಬರ್ತದಲ್ಲ, ಅದಕ್ಕ ಮದ್ದು ಮುಂದಿನ ಪಾಳಿಯವ್ರಿಗೆ ಕೆಲಸ ಒಪ್ಪಸೋ ಹ್ಯಾಂಡೋವರ್‌ನಾಗನ ಐತಿ. ಏಳೂಕಾಲಿಗೆ ಕಿಸೆದಾಗಿನ ಚೀಟಿ ತೆಗೀರಿ: ನಡದಿರೋ ಇನ್‌ಫ್ಯೂಷನ್ (ಡ್ರಿಪ್) ರೇಟು, ಮುಂದಿನ ಆಂಟಿಬಯಾಟಿಕ್ ಟೈಮು, ಬರಬೇಕಾದ ರಿಪೋರ್ಟು, ಸಹಿ ಆಗದ ಕನ್ಸೆಂಟು. ಹ್ಯಾಂಡೋವರ್ ಹಾಸಿಗೆ ಹತ್ರನ ಆಗ್ಲಿ, ಪಂಪಿನ ಮ್ಯಾಲಿನ ಅಂಕಿ ಇಬ್ಬರೂ ನೋಡ್ಲಿ, ಫೆಂಟನಿಲ್ ಮಾರ್ಫಿನ್ (ಚಟ ಹತ್ತೋ ನೋವಿನ ಔಷಧಿ) ಆಂಪೂಲ್ ಇಬ್ಬರೂ ಎಣಿಸಿ ಸಹಿ ಹಾಕ್ಲಿ. ಒಂದೊಂದ ಹೇಳಿದಂಗ ಚೀಟ್ಯಾಗ ಗೆರಿ ಎಳದು, ಕಡೀಕ ಹರದು ಹಾಕ್ರಿ. ಅದಾದ ಮ್ಯಾಲೆ ವಾರ್ಡ್ ವಾಟ್ಸಾಪ್ ಗ್ರೂಪ್ ಮ್ಯೂಟ್. ಮಲಗಿದವರಿಗೆ ಫೋನ್ ಮಾಡೂದು ಔಷಧಿ ಎಣಿಕಿ ತಪ್ಪಿದ್ರ, ಕಪಾಟಿನ ಕೀಲಿ ಸಿಗದಿದ್ರ ಅಷ್ಟ, ಅಂತ ನೀವ ರೂಲ್ ಮಾಡ್ರಿ.

ಇನ್ನೊಂದು ಸಣ್ಣದು. ಹ್ಯಾಂಡ್ ರಬ್ ಹಚ್ಚಿ ತಿಕ್ಕಾಕ 20–30 ಸೆಕೆಂಡ್ ಹೆಂಗೂ ಬೇಕು. ಆವಾಗ ನಾಲ್ಕು ಎಣಿಸಿ ಉಸಿರು ಒಳಗ, ಆರು ಎಣಿಸಿ ಹೊರಗ. ಮೂರು ಉಸಿರು ಆಗ್ತಾವು. ಬ್ಯಾರೆ ಟೈಮು ಹುಡುಕೂದು ಬ್ಯಾಡ.

ಮನೋಶುಶ್ರೂಷೆ:

ಯಾವ ಹಂತದಲ್ಲಿ ಡಾಕ್ಟರ ಹತ್ತಿರ ಕಳಿಸುವುದು ಎಂಬ ಮೂರನೇ ಪ್ರಶ್ನೆಗೆ. ಐಸಿಡಿ-11ರಲ್ಲಿ (ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿ) ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಅನ್ನು ಕಾಯಿಲೆ ಎಂದು ಸೇರಿಸಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಷ್ಟೇ ಹೇಳಿದೆ. ಅದಕ್ಕೆ ಮೂರು ಮುಖ: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು ('ಬೆಡ್ ಏಳು' ಇದೇ), ಏನು ಮಾಡಿದರೂ ಪ್ರಯೋಜನವಿಲ್ಲ ಅನ್ನಿಸುವುದು. ಕೆಲಸದಿಂದ ದೂರವಿದ್ದಾಗ ಹಗುರಾಗುತ್ತದೆಯೇ ಎಂಬುದನ್ನು ಮೊದಲು ನೋಡಿ. ವಾರ ರಜೆ ಹಾಕಿ ಊರಿಗೆ ಹೋದರೂ ಯಾವುದರಲ್ಲೂ ರುಚಿ ಇಲ್ಲ, ಊಟ ಸೇರದು, ಅಳು ಬರುತ್ತದೆ ಎಂದರೆ ಖಿನ್ನತೆಯ ಕಡೆ ಯೋಚಿಸಬೇಕು.

ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9 ಕನ್ನಡದಲ್ಲೂ ಸಿಗುತ್ತದೆ. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ, ಒಟ್ಟು ಅಂಕ 27. ಹತ್ತು ಅಥವಾ ಹೆಚ್ಚು ಬಂದರೆ ಡಾಕ್ಟರ ಹತ್ತಿರ. ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಕುರಿತದ್ದು. ಅದಕ್ಕೆ ಸೊನ್ನೆ ಬಿಟ್ಟು ಏನೇ ಬಂದರೂ ಒಟ್ಟು ಅಂಕ ನೋಡದೆ ಅದೇ ದಿನ ತೋರಿಸಬೇಕು. ಆಕೆಯನ್ನು ಒಬ್ಬಳೇ ಬಿಡಬೇಡಿ, ನೈಟ್‌ನಿಂದ ತೆಗೆಯಿರಿ. ಆದರೆ ಇನ್‌ಚಾರ್ಜ್ ಆಗಿ ನೀವು ಈ ಹಾಳೆಗಳನ್ನು ಸಂಗ್ರಹಿಸಬೇಡಿ. ಇನ್‌ಕ್ರಿಮೆಂಟ್ ಬರೆಯುವವರ ಕೈಗೆ ಹೋಗುತ್ತದೆ ಎಂದು ಗೊತ್ತಾದರೆ ಎಲ್ಲರೂ ಸೊನ್ನೆ ಹಾಕುತ್ತಾರೆ. ಹಂಚಿ, ಅವರೇ ತುಂಬಿ ಅವರೇ ಇಟ್ಟುಕೊಳ್ಳಲಿ. ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಕೊಡಿ. 2022ರ ಅಕ್ಟೋಬರ್‌ನಿಂದ ಇದೆ, 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್.

ಸುಸ್ತೆಲ್ಲ ಮನಸ್ಸಿನದ್ದೇ ಅಂದುಕೊಳ್ಳಬೇಡಿ. ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ಶುಗರ್ ಒಮ್ಮೆ ನೋಡಿಸಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ 15–49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು, ನರ್ಸ್‌ಗಳು ಅದಕ್ಕೆ ಹೊರತಲ್ಲ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಚಿಕಿತ್ಸೆ ಬೇಕು. ಐರನ್ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೆ ಹೀರಿಕೆ ಕಡಿಮೆ, ಒಂದೆರಡು ಗಂಟೆ ಅಂತರವಿರಲಿ.

ಕ್ಲಾಸಿನಲ್ಲಿ ಮುಲಾಜಿಲ್ಲದೆ ಹೇಳಬೇಕಾದ್ದು: ನಿದ್ದೆಗೆಂದು ಅಲ್‌ಪ್ರಜೋಲಾಮ್ (ಆತಂಕ ಇಳಿಸುವ ಮಾತ್ರೆ), ಫೆನಿರಮೈನ್ (ಮಂಪರು ತರುವ ಅಲರ್ಜಿ ಔಷಧಿ) ತಾವೇ ತೆಗೆದುಕೊಳ್ಳುವುದು ಬೇಡ. ಔಷಧಿ ಕೈಗೆಟುಕುವಲ್ಲೇ ಇರುವ ವೃತ್ತಿ ಇದು. ಕೆಲವೇ ವಾರಗಳಲ್ಲಿ ಅಲ್‌ಪ್ರಜೋಲಾಮ್ ಇಲ್ಲದೆ ನಿದ್ದೆಯೇ ಬಾರದಂತಾಗುತ್ತದೆ. ಈಗಾಗಲೇ ದಿನಾ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಬಾರದು, ಫಿಟ್ಸ್ ಬರಬಹುದು. ಮನೋವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ಚಿಕಿತ್ಸೆಯ ವಿವರ ಗೋಪ್ಯವಾಗಿ ಉಳಿಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕು. ಅದನ್ನೂ ತಿಳಿಸಿ. ಹೆದರಿಕೆಯಿಂದಲೇ ಎಷ್ಟೋ ಜನ ಬರುವುದಿಲ್ಲ.

ಐಸಿಯು_ಇನ್‌ಚಾರ್ಜ್:

ಮೂವರಿಗೂ ಧನ್ಯವಾದ. ಇನ್ನೆರಡು ತೊಡಕು. ಹೆಚ್ಚಿನವರು ಪಿಜಿಯಲ್ಲಿ ನಾಲ್ವರು ಒಂದೇ ರೂಮಿನಲ್ಲಿದ್ದಾರೆ, ಕಪ್ಪು ಚಾರ್ಟ್ ಅಂಟಿಸಲು ಆಗುವುದಿಲ್ಲ. ಮತ್ತೆ ಎಷ್ಟೋ ನೈಟ್‌ನಲ್ಲಿ ಒಬ್ಬ ಸಿಸ್ಟರ್‌ಗೆ ಎರಡು ವೆಂಟಿಲೇಟರ್ ಬೀಳುತ್ತದೆ. 20 ನಿಮಿಷ ಯಾರು ಬಿಡುತ್ತಾರೆ?

ಫ್ಲೋರ್_ನರ್ಸ್:

ಪಿಜಿಗೆ: ರೋಸ್ಟರ್ ಹಾಕುವಾಗ ಒಂದೇ ರೂಮಿನವರಿಗೆ ಒಂದೇ ಶಿಫ್ಟ್ ಕೊಡಿ. ಖರ್ಚಿಲ್ಲ, ಯಾರ ಅನುಮತಿಯೂ ಬೇಡ. ಉಳಿದದ್ದಕ್ಕೆ ಬಟ್ಟೆಯ ಕಣ್ಪಟ್ಟಿ, ಫೋಮ್ ಇಯರ್‌ಪ್ಲಗ್. ಪ್ಲಗ್ಗನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹೊಸೆಯದೆ ತುರುಕಿದರೆ ಹೊರಗೇ ಉಬ್ಬಿ ಬಿದ್ದುಹೋಗುತ್ತದೆ. ಅಲಾರಂ ಕೇಳಿಸದು, ಫೋನನ್ನು ವೈಬ್ರೇಟ್‌ನಲ್ಲಿಟ್ಟು ದಿಂಬಿನ ಕವರ್ ಒಳಗೆ ಸೇರಿಸಲಿ.

ಎರಡನೆಯದಕ್ಕೆ ಉಸಿರಾಟದ ವ್ಯಾಯಾಮ ಉತ್ತರವಲ್ಲ. ಐಸಿಯುನಲ್ಲಿ ಪ್ರತಿ ಶಿಫ್ಟ್‌ಗೆ ಒಬ್ಬ ರೋಗಿಗೆ ಒಬ್ಬ ನರ್ಸ್, ಅದರ ಮೇಲೆ ರಜೆಯ ಲೆಕ್ಕಕ್ಕೆ ಶೇ. 30 ಹೆಚ್ಚುವರಿ ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಕಡಿಮೆ ಬಿದ್ದ ಪ್ರತಿ ಶಿಫ್ಟ್‌ನ ಕೊನೆಗೆ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಬರೆದು ಕೊಡಿ. 'ಸ್ಟಾಫ್ ಕಡಿಮೆ ಇತ್ತು' ಎಂದಷ್ಟೇ ಬರೆದರೆ ಅದು ಫೈಲಿನಲ್ಲೇ ಉಳಿಯುತ್ತದೆ. ದಿನಾಂಕ, ಹಾಸಿಗೆ ಎಷ್ಟು, ವೆಂಟಿಲೇಟರ್ ಎಷ್ಟು, ಸಿಸ್ಟರ್‌ಗಳು ಎಷ್ಟು ಇದ್ದರು ಎಂದು ಬರೆದು, ಅದರಿಂದ ಏನು ತಪ್ಪಿತೋ ಅದನ್ನೂ ಹಾಕಿ: ಎರಡು ಗಂಟೆಗೊಮ್ಮೆ ಆಗಬೇಕಾದ ಮಗ್ಗುಲು ಬದಲಿಸುವಿಕೆ ಎಷ್ಟು ಸಲ ತಪ್ಪಿತು, ಯಾವ ಆಂಟಿಬಯಾಟಿಕ್ ಎಷ್ಟು ನಿಮಿಷ ತಡವಾಯಿತು, ಯಾರಿಗೆ ಬ್ರೇಕ್ ಸಿಗಲಿಲ್ಲ. ರೋಗಿಯ ಹೆಸರು ಬೇಡ. ಸ್ವೀಕೃತಿ ಸಹಿ ಇರುವ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ತಿಂಗಳ ಕೊನೆಗೆ ಈ ಅಂಕಿಗಳನ್ನು ಒಂದೇ ಹಾಳೆಗೆ ಇಳಿಸಿ ಸೋಂಕು ನಿಯಂತ್ರಣ ಸಮಿತಿಯ ಸಭೆಗೆ ಒಯ್ಯಿರಿ. ಬೆಡ್‌ಸೋರ್ ಮತ್ತು ವೆಂಟಿಲೇಟರ್ ನ್ಯುಮೋನಿಯಾ ಅಂಕಿಗಳ ಪಕ್ಕದಲ್ಲಿಟ್ಟಾಗ ಆಡಳಿತದವರು ಓದುತ್ತಾರೆ.